ಹಿಡಿಯುವ ಕೈ, ಅರಿಯುವ ಕೈ

ಶಸ್ತ್ರವೈದ್ಯ ಪಾಲ್ ಬ್ರಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಶುಶ್ರೂಷೆಯಲ್ಲಿದ್ದ ದಿನಗಳಲ್ಲಿ ಒಮ್ಮೆ ತುಕ್ಕು ಹಿಡಿದ ಬೀಗವೊಂದು ತೆರೆಯದೆ ಸತಾಯಿಸಿತು. ದೊಡ್ಡವರ ಕೈಗೆ ಬಗ್ಗದ ಕೀಲಿಯನ್ನು ರೋಗಿ ಹುಡುಗನೊಬ್ಬ ಬಂದು ಸಲೀಸಾಗಿ ತಿರುಗಿಸಿಬಿಟ್ಟ. ಆಮೇಲೆ ನೆಲದ ಮೇಲೆ ರಕ್ತದ ಹನಿ ಕಂಡಿತು. ಕೀಲಿ ಅವನ ಬೆರಳನ್ನು ಮೂಳೆಯವರೆಗೂ ಸೀಳಿತ್ತು. ಹುಡುಗನಿಗೆ ಅದು ಗೊತ್ತೇ ಆಗಿರಲಿಲ್ಲ.

ಕುಷ್ಠದಲ್ಲಿ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆ ಎಂಬ ನಂಬಿಕೆ ಆಗ ವೈದ್ಯರಲ್ಲೂ ಇತ್ತು. ಬ್ರಾಂಡ್ ಅದನ್ನು ಅಲ್ಲಗಳೆದರು. ರೋಗಾಣು ಕೆಡಿಸುವುದು ನರವನ್ನು. ಚರ್ಮದ ಸುದ್ದಿ ಮಿದುಳಿಗೆ ತಲುಪದಾದಾಗ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬ ಅಂಕೆ ತಪ್ಪುತ್ತದೆ. ಬೆರಳನ್ನು ತಿಂದುಹಾಕುವುದು ದಿನನಿತ್ಯದ ಗಾಯ ಮತ್ತು ಅದಕ್ಕೆ ತಗಲುವ ಸೋಂಕು. ಮುದುಡಿದ ಬೆರಳುಗಳಿಗೆ ಬೇರೆ ಸ್ನಾಯುವಿನ ಕಂಡರ ಜೋಡಿಸಿ ಅವರು ಚಲನೆ ಮರಳಿಸಿದರು. ಆದರೆ ಹಾಗೆ ಮರಳಿ ಆಡತೊಡಗಿದ ಕೈಗೂ ಕಣ್ಣಿನಿಂದ ಕಾಯ್ದುಕೊಳ್ಳುವ ಪಾಠವನ್ನು ಹೊಸದಾಗಿ ಹೇಳಿಕೊಡಬೇಕಾಯಿತು.

ಸ್ಪರ್ಶ ಮತ್ತು ಚಲನೆಯ ನರಮೂಲವನ್ನು ಚರ್ಚಿಸಲು ಸೇರಿರುವ ಈ ಸಂಕಿರಣದ ಆಶಯವೂ ಇದೇ: ಎರಡನ್ನೂ ಒಟ್ಟಿಗೆ ನೋಡುವುದು. ಪಠ್ಯಪುಸ್ತಕದಲ್ಲಿ ಅವು ಬೇರೆ ಬೇರೆ ಅಧ್ಯಾಯಗಳು. ಮಿದುಳಿನ ನಕ್ಷೆಯಲ್ಲೂ ನಡುವಿನ ಬಿರುಕಿನ ಹಿಂದೆ ಸ್ಪರ್ಶ, ಮುಂದೆ ಚಲನೆ. ಈ ನಕ್ಷೆಯನ್ನು 1937ರಲ್ಲಿ ಪ್ರಕಟಿಸಿದ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರಿ, ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಕೊಟ್ಟು ಒಂದೊಂದೇ ಬಿಂದುವನ್ನು ಗುರುತಿಸಿದ್ದರು. ಬಿರುಕಿನ ಮುಂದೆ ಮುಟ್ಟಿದಾಗ ಜುಮ್ಮೆಂದ, ಹಿಂದೆ ಮುಟ್ಟಿದಾಗ ಬೆರಳು ಅಲುಗಿದ ಬಿಂದುಗಳು ಅವರ ದಾಖಲೆಯಲ್ಲೇ ಇವೆ. ನಂತರ ಬಂದ ಚಿತ್ರಗಳು ಗೆರೆಯನ್ನು ಉಳಿಸಿಕೊಂಡು ಆ ಬಿಂದುಗಳನ್ನು ಕೈಬಿಟ್ಟವು.

ಕೈಯೊಳಗಿನ ಮಾತುಕತೆಯನ್ನು ನೇರವಾಗಿ ಕೇಳಿಸಿಕೊಂಡದ್ದು ಸ್ವೀಡನ್ನಿನಲ್ಲಿ. 1960ರ ದಶಕದಲ್ಲಿ ಉಪ್ಸಾಲಾದ ಕಾರ್ಲ್-ಎರಿಕ್ ಹಾಗ್‌ಬಾರ್ತ್ ಮತ್ತು ಓಕೆ ವಾಲ್ಬೊ ತೆಳ್ಳನೆಯ ಟಂಗ್‌ಸ್ಟನ್ ಸೂಜಿಯನ್ನು ತಮ್ಮದೇ ನರಕ್ಕೆ ಚುಚ್ಚಿಕೊಂಡು ಅದರಲ್ಲಿ ಹರಿಯುವ ಸಂಕೇತಗಳನ್ನು ದಾಖಲಿಸಿದರು. ಅದೇ ವಿಧಾನದಿಂದ ವಾಲ್ಬೊ ಮತ್ತು ರೋಲಾಂಡ್ ಯೊಹಾನ್ಸನ್ ಒಂದು ಕೈಯ ಒಳಬದಿಯ ಚರ್ಮದಲ್ಲಿ, ಬೆರಳುಗಳೂ ಸೇರಿ, ಸುಮಾರು 17,000 ಸ್ಪರ್ಶ ತಂತುಗಳಿವೆ ಎಂದು 1979ರಲ್ಲಿ ಅಂದಾಜಿಸಿದರು. ಅವು ಹೆಚ್ಚು ದಟ್ಟವಾಗಿರುವುದು ಬೆರಳ ತುದಿಯಲ್ಲಿ.

ಯೊಹಾನ್ಸನ್ ಮುಂದೆ ಉಮಿಯೊದಲ್ಲಿ ಯೋರನ್ ವೆಸ್ಟ್‌ಲಿಂಗ್ ಜೊತೆ ಮಾಡಿದ ಪ್ರಯೋಗಗಳು ಮೇಲ್ನೋಟಕ್ಕೆ ತೀರ ಸರಳ. ಹೆಬ್ಬೆರಳು, ತೋರುಬೆರಳಿನಲ್ಲಿ ಒಂದು ವಸ್ತುವನ್ನು ಎತ್ತಬೇಕು; ಅದರ ಮೈಗೆ ಒಮ್ಮೆ ರೇಷ್ಮೆ, ಒಮ್ಮೆ ಸ್ವೇಡ್ ಚರ್ಮ, ಒಮ್ಮೆ ಸ್ಯಾಂಡ್‌ಪೇಪರ್. ರೇಷ್ಮೆ ಜಾರುತ್ತದೆ, ಹಿಡಿತ ಬಿಗಿಯಾಗುತ್ತದೆ. ಸ್ಯಾಂಡ್‌ಪೇಪರ್ ಕಚ್ಚಿಕೊಳ್ಳುತ್ತದೆ, ಹಿಡಿತ ಸಡಿಲುತ್ತದೆ. ಪ್ರತಿ ಸಲವೂ ಕೈ ಬಳಸುವುದು ಜಾರದಿರಲು ಬೇಕಾದಷ್ಟೇ ಬಲ, ಮೇಲಿಷ್ಟು ಚೂರು ಹೆಚ್ಚು. ವಸ್ತು ಕೂದಲೆಳೆಯಷ್ಟು ಜಾರಿದರೂ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವ ಮೊದಲೇ ಹಿಡಿತ ಬಿಗಿಯಾಗಿರುತ್ತದೆ. ಜಾರಿತೆಂದು ಅರಿವಿಗೆ ಬರುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿರುತ್ತದೆ. ಬೆರಳ ತುದಿಗೆ ಅರಿವಳಿಕೆ ಕೊಟ್ಟರೆ ಈ ನಾಜೂಕೆಲ್ಲ ಕರಗಿಹೋಗುತ್ತದೆ. ಸ್ನಾಯುಗಳಿಗೆ ಏನೂ ಆಗಿರುವುದಿಲ್ಲ, ಕಣ್ಣು ನೆಟ್ಟಗಿರುತ್ತದೆ. ಆದರೂ ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಗೀರಲು ಮನುಷ್ಯ ತಡಕಾಡುತ್ತಾನೆ, ಕಡ್ಡಿ ಬೀಳಿಸುತ್ತಾನೆ, ಮತ್ತೆ ಎತ್ತುತ್ತಾನೆ. ಈ ಪ್ರಯೋಗದ ಚಿತ್ರೀಕರಣವನ್ನು ಪ್ರತಿ ವೈದ್ಯಕೀಯ ವಿದ್ಯಾರ್ಥಿಗೂ ತೋರಿಸಬೇಕು.

ಇದಕ್ಕೂ ಬಹಳ ಹಿಂದೆ, 1895ರಲ್ಲೇ, ಫ್ರೆಡರಿಕ್ ಮಾಟ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಕೋತಿಯ ಒಂದು ತೋಳಿನ ಸಂವೇದನಾ ನರಬೇರುಗಳನ್ನಷ್ಟೇ ಕತ್ತರಿಸಿದ್ದರು. ಚಲನೆಯ ನರಗಳು ಹಾಗೇ ಇದ್ದವು. ಆದರೂ ತೋಳು ಜೋತುಬಿತ್ತು. ದಶಕಗಳ ನಂತರ ಎಡ್ವರ್ಡ್ ಟಾಬ್ ಇನ್ನೊಂದು ಸತ್ಯ ಕಂಡುಕೊಂಡರು: ಚೆನ್ನಾಗಿರುವ ತೋಳನ್ನು ಕಟ್ಟಿಹಾಕಿದರೆ ಜೋತುಬಿದ್ದ ತೋಳು ಮತ್ತೆ ಕೆಲಸಕ್ಕಿಳಿಯುತ್ತದೆ. ಲಕ್ವ ಹೊಡೆದವರ ಒಳ್ಳೆಯ ಕೈಗೆ ಗವಸು ತೊಡಿಸಿ, ಸೊರಗಿದ ಕೈಯಿಂದಲೇ ದುಡಿಸುವ ಚಿಕಿತ್ಸೆ ಬೆಳೆದದ್ದು ಇಲ್ಲಿಂದ.

ಅಣುಮಟ್ಟದಲ್ಲೂ ಇದೇ ಬೆಸುಗೆ. ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಗುರುತಿಸಿದ ಪೀಜೋ-2 ಎಂಬ ಪ್ರೋಟೀನು ಚರ್ಮದ ಸ್ಪರ್ಶವನ್ನೂ ಕೈಕಾಲು ಎಲ್ಲಿದೆ ಎಂಬ ಅರಿವನ್ನೂ ಒಟ್ಟಿಗೆ ಹೊತ್ತಿದೆ. ಹುಟ್ಟಿನಿಂದ ಅದು ಕೆಲಸ ಮಾಡದವರಿಗೆ ಕಣ್ಣು ಕಟ್ಟಿದರೆ ನಡೆಯುವುದೇ ದುಸ್ತರ. 2021ರ ವೈದ್ಯಕೀಯ ನೊಬೆಲ್ ಪಟಪೂಟಿಯನ್ ಅವರಿಗೂ ಡೇವಿಡ್ ಜೂಲಿಯಸ್ ಅವರಿಗೂ ಸಂದಿತು.

ಸುದ್ದಿ ನಿಂತುಹೋದ ಮಿದುಳಿನ ಜಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಭಾರತದಿಂದ ಗಟ್ಟಿಯಾದ ಉತ್ತರ ಬಂದಿದೆ. ಬೆನ್ನುಹುರಿಗೆ ಪೆಟ್ಟಾದ ಕೋತಿಗಳಲ್ಲಿ ತಿಂಗಳುಗಳ ನಂತರ ಕೈಯ ಜಾಗ ಮುಖದ ಸ್ಪರ್ಶಕ್ಕೆ ಮಿಡಿಯತೊಡಗುತ್ತದೆ. ಆ ಬದಲಾವಣೆಯ ಮೂಲ ಮಿದುಳಕಾಂಡದಲ್ಲಿದೆ ಎಂದು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ನೀರಜ್ ಜೈನ್ ಅವರ ತಂಡ 2014ರಲ್ಲಿ ತೋರಿಸಿತು. ಇತ್ತ 2025ರಲ್ಲಿ, ತೋಳು ಕತ್ತರಿಸುವ ಮೊದಲು ಮತ್ತು ನಂತರ ಮೂವರ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನಕ್ಕೆ ಕೈಯ ನಕ್ಷೆ ಹಾಗೇ ಉಳಿದಿರುವುದು ಕಂಡಿತು. ಕೋತಿ ಮತ್ತು ಮನುಷ್ಯ, ಬೆನ್ನುಹುರಿಯ ಪೆಟ್ಟು ಮತ್ತು ಅಂಗಚ್ಛೇದ, ನರಕೋಶದ ದಾಖಲೆ ಮತ್ತು ಸ್ಕ್ಯಾನ್: ಈ ವ್ಯತ್ಯಾಸಗಳಲ್ಲಿ ಯಾವುದು ಎಷ್ಟು ಮುಖ್ಯ ಎಂಬುದು ಇಲ್ಲಿ ಬಿಸಿಬಿಸಿಯಾಗಿಯೇ ಚರ್ಚೆಯಾಗಲಿ.

ಉಳಿದ ನಕ್ಷೆ ಉಪಯೋಗಕ್ಕೆ ಬರುತ್ತದೆ ಎನ್ನಲು ಪಿಟ್ಸ್‌ಬರ್ಗ್ ಸಾಕ್ಷಿ. ಅಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ತಪ್ಪಿದ್ದ ಸ್ವಯಂಸೇವಕರೊಬ್ಬರು ಮಿದುಳಿಗೆ ಅಳವಡಿಸಿದ ವಿದ್ಯುದ್ವಾರಗಳ ಮೂಲಕ ರೋಬಾಟ್ ತೋಳನ್ನು ಆಡಿಸುತ್ತಿದ್ದರು. ತೋಳಿನ ಸ್ಪರ್ಶವನ್ನು ಮಿದುಳಿಗೆ ಮರಳಿಸಿದ ಮೇಲೆ, ವಸ್ತುವನ್ನು ಎತ್ತಿಡಲು ಸಾಮಾನ್ಯವಾಗಿ ಹಿಡಿಯುತ್ತಿದ್ದ 20.9 ಸೆಕೆಂಡು 10.2ಕ್ಕೆ ಇಳಿಯಿತು ಎಂದು 2021ರ ವರದಿ ಹೇಳುತ್ತದೆ. ತೋಳು ಅದೇ. ಸೇರಿದ್ದು ಸ್ಪರ್ಶ ಮಾತ್ರ.

ಹೀಗಿರುವಾಗ ಲಕ್ವದ ನಂತರದ ತಪಾಸಣೆ ಕೈ ಎತ್ತಿಸುವುದು, ಮುಷ್ಟಿ ಬಿಗಿಸುವುದಕ್ಕೇ ಮುಗಿದರೆ ರೋಗಿಗೆ ಅನ್ಯಾಯವಾಗುತ್ತದೆ. ಕುಷ್ಠ ಮತ್ತು ಸಕ್ಕರೆ ಕಾಯಿಲೆಯ ಚಿಕಿತ್ಸಾಲಯಗಳಲ್ಲಿ ಸ್ಪರ್ಶ ಅಳೆಯಲು ಬಳಕೆಯಲ್ಲಿರುವ ನೈಲಾನ್ ಎಳೆಯ ಪರೀಕ್ಷೆಗೆ ಭಾರಿ ಯಂತ್ರವೇನೂ ಬೇಡ. ಪ್ರಯೋಗಾಲಯದವರೂ ಫಿಸಿಯೋಥೆರಪಿಯವರೂ ಈ ಸಂಕಿರಣ ಮುಗಿಯುವಷ್ಟರಲ್ಲಿ ಒಂದೇ ತಪಾಸಣಾ ನಮೂನೆಗೆ ಒಪ್ಪಲಿ. ಹಿಡಿತದ ಬಲದ ಪಕ್ಕದಲ್ಲೇ ಪ್ರತಿ ಬೆರಳ ತುದಿಯ ಸ್ಪರ್ಶದ ಅಳತೆ, ಕಣ್ಣು ಮುಚ್ಚಿದಾಗ ಬೆರಳು ಯಾವ ಕಡೆ ಬಾಗಿದೆ ಎಂಬ ಉತ್ತರ, ಜೋಮು, ಮರಗಟ್ಟುವುದು, ಇರುವೆ ಹರಿದಂತಾಗುವುದು ಎಂದು ರೋಗಿ ಹೇಳಿದ್ದು, ಇವೆಲ್ಲ ಅದರಲ್ಲಿರಲಿ. ಮೂರು ತಿಂಗಳ ನಂತರ ಅದೇ ರೋಗಿಯನ್ನು ಅದೇ ನಮೂನೆಯಲ್ಲಿ ಮತ್ತೆ ಪರೀಕ್ಷಿಸಿದರೆ, ಸ್ಪರ್ಶ ಮರಳಿದ ಕೈಗಳು ಬಲವಷ್ಟೇ ಮರಳಿದ ಕೈಗಳಿಗಿಂತ ಬೇಗ ಕೆಲಸಕ್ಕೆ ಬರುತ್ತವೆಯೇ ಎಂಬುದನ್ನು ಇಲ್ಲಿಯ ರೋಗಿಗಳಲ್ಲೇ ನೋಡಬಹುದು.