‘ಆಟೋನೇ ವಾಸಿ’ ಅಂದ್ರು ಅಪ್ಪ: ತಗ್ಗಿಸಿದ ಮಾರುತಿ 800 ಮತ್ತೆ ಮೆತ್ತಗಾದ ಕಥೆ

ಕೆಂಗೇರಿ ಉಪನಗರದಿಂದ ಮಾತಾಡ್ತಿದ್ದೀನಿ. ಪಕ್ಕದ ಮನೆ ಕುಕ್ಕರ್ ಮಧ್ಯೆ ಮಧ್ಯೆ ಕೂಗುತ್ತೆ, ಸ್ವಲ್ಪ ಸಹಿಸಿಕೊಳ್ಳಿ.

ಇವತ್ತಿನ ವಿಷಯ ನಮ್ಮನೆ ಮಾರುತಿ 800. ಅಪ್ಪ 1997ರಲ್ಲಿ ಹೊಸದಾಗಿ ತಗೊಂಡ ಬಿಳಿ ಕಾರು. ಮೊದಲ 800 ರಸ್ತೆಗಿಳಿದಿದ್ದು 1983ರ ಡಿಸೆಂಬರ್‌ನಲ್ಲಿ. ನಾವೆಲ್ಲ ‘800’ ಅಂತ ಗುರುತು ಹಿಡಿಯೋ ಆಕಾರ ಬಂದಿದ್ದು 1986ರಲ್ಲಿ. 2014ರ ಜನವರಿಯಲ್ಲಿ ತಯಾರಿಕೆ ನಿಂತೇ ಹೋಯ್ತು. ಹಾಗಾಗಿ ಈಗ ಇದನ್ನ ಕ್ಲಾಸಿಕ್ ಅಂತ ಕರೆದ್ರೆ ಯಾರೂ ನಗಲ್ಲ. ಹತ್ತು ವರ್ಷದ ಹಿಂದೆ ನಗ್ತಿದ್ರು.

2010ರಲ್ಲಿ, ಕಾಲೇಜಿನಲ್ಲಿದ್ದಾಗ, ಅಪ್ಪನ್ನ ಕೇಳದೆ ಈ ಕಾರನ್ನ ತಗ್ಗಿಸಿಬಿಟ್ಟೆ. ಗ್ರೈಂಡರ್ ಹಿಡಿದು ನಾಲ್ಕೂ ಸ್ಪ್ರಿಂಗ್‌ಗಳಿಂದ ಸುಮಾರು ಒಂದೂವರೆ ಸುತ್ತು ಕತ್ತರಿಸಿದ್ವಿ. ಕಾರು ಐದು ಸೆಂಟಿಮೀಟರ್ ಇಳೀತು. ಜೊತೆಗೆ ಯಾರೋ ಮಾರಿದ 13 ಇಂಚಿನ ಅಲಾಯ್ ಚಕ್ರ. ನೋಡೋಕೆ ಏನ್ ಚೆನ್ನಾಗಿತ್ತು ಅಂತೀರಿ! ಅಪ್ಪ ಬಂದು ಒಂದು ಸುತ್ತು ಹಾಕಿ ನೋಡಿದ್ರು. ‘ಕಾರಿಗೆ ಮಂಡಿ ನೋವು ಬಂದಂಗಿದೆ’ ಅಂದ್ರು, ಒಳಗೆ ಹೋದ್ರು. ಅಷ್ಟೇ.

ಹೋದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ರು. ಬೆನ್ನುಮೂಳೆಯಲ್ಲಿ ಬಿರುಕು. ಆಪರೇಷನ್ ಬೇಡ, ವಾರಕ್ಕೆ ಎರಡು ಸಲ ಫಿಸಿಯೋಥೆರಪಿ ಸಾಕು, ಆದರೆ ಕುಲುಕಾಟ ಇರಬಾರದು ಅಂದ್ರು ಡಾಕ್ಟರು. ನಮ್ಮ ಮನೆಯಿಂದ ಮೈಸೂರು ರಸ್ತೆಗೆ ಬರೋ ಅಷ್ಟರಲ್ಲಿ ಎಂಟು ಹಂಪ್ ಇವೆ. ಮೂರನೇ ಹಂಪ್‌ಗೆ ಅಪ್ಪ ಡ್ಯಾಶ್‌ಬೋರ್ಡ್ ಹಿಡ್ಕೊಂಡ್ರು. ಎಂಟನೆಯದಕ್ಕೆ ಕಣ್ಣು ಮುಚ್ಚಿಕೊಂಡಿದ್ರು. ವಾಪಸ್ ಬಂದ ಮೇಲೆ ಮೆಲ್ಲಗೆ, ನನಗೆ ಬೇಜಾರಾಗಬಾರದು ಅನ್ನೋ ಥರ, ‘ನಾಳಿದ್ದು ಆಟೋದಲ್ಲೇ ಹೋಗೋಣ ಕಣೋ’ ಅಂದ್ರು.

ಆಟೋದಲ್ಲಿ! ತಾವೇ ದುಡಿದು ತಗೊಂಡ ಕಾರು ಮನೆ ಮುಂದೆ ನಿಂತಿರುವಾಗ.

ಅವತ್ತು ರಾತ್ರಿ ಕಾರಿನ ಕೆಳಗೆ ಮಲಗಿದೆ. ಸ್ಪ್ರಿಂಗ್ ಗಟ್ಟಿಯಾಗಿದೆ, ಅದಕ್ಕೇ ಎಗರುತ್ತೆ ಅಂದುಕೊಂಡಿದ್ದೆ. ಅದು ಅರ್ಧ ಸತ್ಯ. ಸ್ಪ್ರಿಂಗ್ ಕತ್ತರಿಸಿದ್ರೆ ಗಟ್ಟಿಯಾಗೋದು ನಿಜ. ಕೆಲಸ ಮಾಡೋ ಸುತ್ತು ಆರು ಇದ್ದು ಒಂದೂವರೆ ಹೋದ್ರೆ ಉಳಿಯೋದು ನಾಲ್ಕೂವರೆ, ಬಿಗಿ ಮೂರನೇ ಒಂದರಷ್ಟು ಜಾಸ್ತಿ. ಆದರೆ ಕಾರು ಮೇಲೆ ಕೆಳಗೆ ತೂಗೋ ವೇಗ ಬಿಗಿಯ ವರ್ಗಮೂಲದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ ಶೇ 15 ಮಾತ್ರ. ಸೆಕೆಂಡಿಗೆ ಒಂದೂಕಾಲು ಸಲ ತೂಗ್ತಿದ್ದ ಕಾರು ಒಂದೂವರೆ ಸಲದ ಹತ್ತಿರ ಬರುತ್ತೆ. ಅಷ್ಟಕ್ಕೆ ಯಾರ ಬೆನ್ನೂ ಮುರಿಯಲ್ಲ.

ಹಾಗಾದ್ರೆ ಹೊಡೀತಿರೋದು ಏನು? ಮುಂದಿನ ಸ್ಟ್ರಟ್‌ನ ರಬ್ಬರ್ ಬೂಟ್ ಮೇಲೆ ಸರಿಸಿ, ಹೊಳೆಯೋ ರಾಡ್‌ಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿದೆ. ಹಿಂದೆ ಬಂಪ್ ಸ್ಟಾಪ್ ಕೆಳಗೆ ಒಂದು ಉಂಡೆ ಚಪಾತಿ ಹಿಟ್ಟು ಅಂಟಿಸಿದೆ (ಅಮ್ಮನ್ನ ಕೇಳಿಯೇ ತಗೊಂಡಿದ್ದು). ಬೆಳಗ್ಗೆ ಒಬ್ಬನೇ ಎಂಟು ಹಂಪ್ ದಾಟಿ ಬಂದು ನೋಡಿದ್ರೆ ಟೈ ಬಂಪ್ ಸ್ಟಾಪ್‌ವರೆಗೂ ಹೋಗಿ ಕೂತಿದೆ, ಹಿಟ್ಟು ದೋಸೆ ಆಗಿದೆ. ಸ್ಪ್ರಿಂಗ್ ಕುಗ್ಗೋಕೆ ಜಾಗವೇ ಇಲ್ಲ! ಮುಂದೆ ಉಳಿದಿದ್ದು ಬರೀ 2 ಸೆಂ.ಮೀ. ಅದು ಮುಗಿದ ತಕ್ಷಣ ಕಾರು ಕೂರೋದು ಗಟ್ಟಿ ರಬ್ಬರ್ ತುಂಡಿನ ಮೇಲೆ. ಅಪ್ಪನ ಬೆನ್ನಿಗೆ ಬೀಳ್ತಿದ್ದ ಏಟು ಅದು.

800ನಲ್ಲಿ ಇನ್ನೊಂದು ತೊಂದರೆ ಇದೆ. ಕಾರಿನ ತೂಕವೇ ಸುಮಾರು 650 ಕೆ.ಜಿ. ತಲಾ 65 ಕೆ.ಜಿ.ಯ ನಾಲ್ಕು ಜನ ಕೂತ್ರೆ 260 ಕೆ.ಜಿ., ಕಾರಿನ ತೂಕದ ಶೇ 40. ದೊಡ್ಡ ಕಾರಿಗೆ ನಾಲ್ಕು ಜನ ಲೆಕ್ಕಕ್ಕಿಲ್ಲ, ಇದಕ್ಕೆ ದೊಡ್ಡ ಹೊರೆ. ಒಬ್ಬನೇ ಓಡಿಸುವಾಗ ನನಗೆ ಹದಿನಾಲ್ಕು ವರ್ಷ ಏನೂ ಗೊತ್ತಾಗದೆ ಇದ್ದಿದ್ದು ಅದಕ್ಕೇ ಇರಬೇಕು. ಅಥವಾ ಗೊತ್ತಾಗಿಯೂ ಒಪ್ಪಿಕೊಂಡಿಲ್ಲ.

ಹಂಪ್‌ಗಳನ್ನೂ ಬೈಯ್ಯಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, ಗಂಟೆಗೆ 25 ಕಿ.ಮೀ. ವೇಗಕ್ಕೆ. ನಮ್ಮ ಬೀದಿಯವಕ್ಕೆ ಎತ್ತರ ಅಷ್ಟೇ ಇದೆ, ಅಗಲ ಒಂದು ಮೀಟರ್ ಇಲ್ಲ.

ಮೊದಲು ಸೋಮಾರಿ ದಾರಿ ಹಿಡಿದೆ. ಬಂಪ್ ಸ್ಟಾಪ್ ಅನ್ನೇ ಒಂದೂವರೆ ಸೆಂಟಿಮೀಟರ್ ಕೊಯ್ದೆ. ಟೈರ್ ಹೋಗಿ ಫೆಂಡರ್‌ಗೆ ಉಜ್ಜಿತು. ಒಂದು ಗ್ಯಾರೇಜಿನವರು ಸ್ಪ್ರಿಂಗ್‌ಗೆ ಗ್ಯಾಸ್ ಕಟರ್ ಬಿಸಿ ಕೊಟ್ಟು ‘ಸಾಫ್ಟ್’ ಮಾಡಿಕೊಡ್ತೀನಿ ಅಂದ್ರು. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಬಿಸಿ ಕೊಟ್ಟರೆ ಉಕ್ಕಿನ ಹದ ಹೋಗುತ್ತೆ, ಸ್ಪ್ರಿಂಗ್ ಕುಸಿಯುತ್ತೆ, ಒಂದಿನ ಮುರಿದೂ ಹೋಗಬಹುದು. ಕತ್ತರಿಸಿದ ಸ್ಪ್ರಿಂಗ್ ಕೂಡ, ಜಾಕ್ ಎತ್ತಿದಾಗ ಸೀಟಿನಿಂದ ಸಡಿಲ ಆಗ್ತಿದ್ರೆ, ಅದು ಅಪಾಯವೇ. ನಂದು ಆಗ್ತಿತ್ತು.

ಕೊನೆಗೆ ಪೀಣ್ಯದಲ್ಲಿ ಸ್ಪ್ರಿಂಗ್ ಸುತ್ತಿಕೊಡೋ ಒಂದು ಚಿಕ್ಕ ವರ್ಕ್‌ಶಾಪ್‌ನಲ್ಲಿ ಹೊಸದಾಗಿ ಮಾಡಿಸಿದೆ. ಬಿಗಿ ಹೆಚ್ಚುಕಮ್ಮಿ ಕಂಪನಿಯದ್ದೇ, ತಗ್ಗು ಐದರ ಬದಲು ಎರಡೂವರೆ ಸೆಂ.ಮೀ. ಅಲ್ಲಿಗೆ ಜಾಗ ನಾಲ್ಕೂವರೆ ಆಯ್ತು. ಬಂಪ್ ಸ್ಟಾಪ್ ಬದಲಿಗೆ ಸ್ಪಂಜಿನಂತೆ ಒತ್ತಿದಷ್ಟೂ ನಿಧಾನಕ್ಕೆ ಗಟ್ಟಿಯಾಗೋ ಪಾಲಿಯುರೆಥೇನಿನ ಗಿಡ್ಡ ಸ್ಟಾಪ್ ಹಾಕಿದೆ, ಆರಾಯ್ತು. ಎಣ್ಣೆ ಸೋರ್ತಿದ್ದ ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸದು. ಗಟ್ಟಿ ‘ಸ್ಪೋರ್ಟ್ಸ್’ ಶಾಕ್ ಬೇಡ, ಮೂಲ ಮಾದರಿಯದ್ದೇ ಸಾಕು.

ಚಕ್ರದ ವಿಷಯಕ್ಕೆ ಹೊಟ್ಟೆ ಉರೀತು. ನನ್ನ ಅಲಾಯ್‌ಗೆ ಇದ್ದಿದ್ದು 175/50 ಆರ್13 ಟೈರ್. ಅದರ ಪಕ್ಕದ ಗೋಡೆ 87.5 ಮಿ.ಮೀ. ಕಂಪನಿಯ 145/70 ಆರ್12ದು 101.5. ಹದಿನಾಲ್ಕು ಮಿಲಿಮೀಟರ್ ಗಾಳಿ ದಿಂಬು ಸುಮ್ಮನೆ ಕಳೆದುಕೊಂಡಿದ್ದೆ. ಅಟ್ಟದಿಂದ ಹಳೇ ಉಕ್ಕಿನ ರಿಮ್ ಇಳಿಸಿದೆ, ಹೊಸ ಟೈರ್ ಹಾಕಿಸಿದೆ. ಫೆಂಡರ್ ಉಜ್ಜೋದೂ ನಿಂತಿತು.

ಈಗ ಹೇಳೋದನ್ನ ಮೆಕ್ಯಾನಿಕ್ ಪಕ್ಕ ನಿಂತೇ ಮಾಡಿಸಿ. ಸಸ್ಪೆನ್ಷನ್ ಆರ್ಮ್‌ಗಳ ರಬ್ಬರ್ ಬುಷ್‌ನ ಬೋಲ್ಟನ್ನ ಕಾರು ಜಾಕ್ ಮೇಲೆ ನೇತಾಡ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರ ನೆಲದ ಮೇಲೆ ಕೂತು ಕಾರಿನ ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತೆ, ತಾನೇ ಇನ್ನೊಂದು ಸ್ಪ್ರಿಂಗ್ ಆಗಿ ಎದುರು ನಿಲ್ಲುತ್ತೆ, ಬೇಗ ಹರಿದೂ ಹೋಗುತ್ತೆ. ನನ್ನ ಬುಷ್‌ಗಳು 2010ರಿಂದ ಹಾಗೇ ತಿರುಚಿಕೊಂಡಿದ್ವು. ಒಂದಂತೂ ಕೈಗೆ ಪುಡಿಯಾಗಿ ಬಂತು.

ಕೊನೇದು ಸೀಟು. ಕೂತ ಮನುಷ್ಯನಿಗೆ ಸೆಕೆಂಡಿಗೆ 4ರಿಂದ 8 ಸಲದ ಲಂಬ ಕಂಪನ ಎಲ್ಲಕ್ಕಿಂತ ಜಾಸ್ತಿ ತಾಗುತ್ತೆ. ಹಳೇ ಫೋಮ್ ಚಪ್ಪಟೆಯಾಗಿ, ಅಪ್ಪ ಅಕ್ಷರಶಃ ಕಂಬಿ ಮೇಲೆ ಕೂತಿದ್ರು. ಖರ್ಚಿನ ಲೆಕ್ಕದಲ್ಲಿ ನೋಡಿದ್ರೆ ಹೊಸ ಫೋಮ್‌ನಷ್ಟು ಲಾಭ ಬೇರೆ ಯಾವುದರಿಂದಲೂ ಆಗಲಿಲ್ಲ. ಸಸ್ಪೆನ್ಷನ್‌ಗೆ ಕೈ ಹಾಕೋ ಮೊದಲು ನಿಮ್ಮ ಸೀಟನ್ನ ಒಂದ್ಸಲ ಒತ್ತಿ ನೋಡಿ.

ಕಾನೂನೂ ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪ ಬದಲಿಸೋದಕ್ಕೆ ತಡೆ ಹಾಕುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನ ಬಿಗಿಯಾಗಿಯೇ ಓದಿದೆ. ಅದಕ್ಕೇ ಮೂಲ ಅಳತೆಯ ಸ್ಪ್ರಿಂಗ್ ಒಂದು ಸೆಟ್ ತಂದಿಟ್ಟಿದ್ದೀನಿ. ಉಳಿದ ಆ ಎರಡೂವರೆ ಸೆಂಟಿಮೀಟರ್ ನನ್ನ ಚಪಲ, ಅದಕ್ಕೆ ಬೇರೆ ಸಮರ್ಥನೆ ಇಲ್ಲ.

ಎಲ್ಲ ಮುಗಿದ ಮೇಲೆ ಅಪ್ಪನ್ನ ಕೂರಿಸಿಕೊಂಡು ಹೊರಟೆ. ಎಂಟೂ ಹಂಪ್ ದಾಟಿದ್ವಿ. ಅವರ ಕೈ ಡ್ಯಾಶ್‌ಬೋರ್ಡಿಗೆ ಹೋಗುತ್ತಾ ಅಂತ ಓರೆಗಣ್ಣಲ್ಲಿ ನೋಡ್ತಾನೇ ಇದ್ದೆ. ಹೋಗಲಿಲ್ಲ. ಮೈಸೂರು ರಸ್ತೆಗೆ ಬಂದ ಮೇಲೆ ಬಾಯಿ ಬಿಟ್ಟು, ‘ಸೀಟ್ ಕವರಿಗೆ ಈ ಬಣ್ಣ ಯಾಕೋ ಹಾಕಿಸ್ದೆ?’ ಅಂದ್ರು.

ಹಿಂದಿನ ಎಡಗಡೆ ಇನ್ನೂ ಒಂದು ಕಿರ್ ಅನ್ನೋ ಸದ್ದು ಇದೆ, ಬೆಳಗ್ಗೆ ಹೊತ್ತು ಮಾತ್ರ, ಬಿಸಿಲೇರಿದ ಮೇಲೆ ಇಲ್ಲ. ಬುಷ್ ಹೊಸದು, ಶಾಕ್ ಹೊಸದು. ಯಾರಿಗಾದ್ರೂ ಅನುಭವ ಇದ್ರೆ ಹೇಳಿ.