ಕೆಂಪ ಎನ್ನಲು ನಾಚಿಕೆಯೇಕೆ?

(ಯಲಹಂಕದ ಕನ್ನಡ ಸಭೆಯೊಂದರಲ್ಲಿ ಆಡಿದ ಮಾತು)



ನಾವು ಸೇರಿರುವುದು ಯಲಹಂಕ ನಾಡಪ್ರಭುಗಳ ನೆಲದಲ್ಲಿ. ಈ ಮನೆತನದ ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆ ಕಟ್ಟಿದರು. ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಅವರ ಹೆಸರಿದೆ. 2013ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣಕ್ಕೂ ಬಂತು. 2022ರಲ್ಲಿ ಅಲ್ಲೇ 108 ಅಡಿ ಎತ್ತರದ ಪ್ರತಿಮೆಯೂ ಎದ್ದಿತು. ಬಹಳ ಸಂತೋಷ.

ಒಂದು ಮಾತು ಕೇಳುತ್ತೇನೆ, ಬೇಸರಪಡಬೇಡಿ. ಈಚೆಗೆ ಹುಟ್ಟಿದ ಮಗನಿಗೋ ಮೊಮ್ಮಗನಿಗೋ ಕೆಂಪ ಎಂದು ಹೆಸರಿಟ್ಟವರು ಕೈ ಎತ್ತಿ. ನೋಡಿದಿರಾ, ಒಂದು ಕೈಯೂ ಏಳಲಿಲ್ಲ!

ಕೆಂಪ ಅಚ್ಚಗನ್ನಡದ ಹೆಸರು. ತಮಿಳರ ಚೆಂದಾಮರೈ ನಮ್ಮಲ್ಲಿ ಕೆಂದಾವರೆ. ಅವರಲ್ಲಿ 'ಚೆಂ' ಆದದ್ದು ನಮ್ಮಲ್ಲಿ 'ಕೆಂ' ಆಗಿಯೇ ಉಳಿದಿದೆ. ಕೆಮ್ಮಣ್ಣು, ಕೆಂಗಣ್ಣು, ಎಲ್ಲ ಅದೇ ಬೇರಿನವು. ಮಗುವಿನ ಮೈಬಣ್ಣ ನೋಡಿ ಕೆಂಪ ಎಂದವರುಂಟು; ಗ್ರಾಮದೇವತೆ ಕೆಂಪಮ್ಮನಿಗೆ ಹರಕೆ ಹೊತ್ತು ಇಟ್ಟವರೂ ಉಂಟು. ಗೌಡ ಎಂಬುದು ಊರ ಯಜಮಾನಿಕೆಯ ಪದವಿ, ಹೆಸರು ಕೆಂಪ. ಆದ್ದರಿಂದಲೇ ಅದು ಕೆಂಪಯ್ಯ, ಕೆಂಪಣ್ಣ, ಕೆಂಪರಾಜು ಎಂದು ಹಲವು ಜಾತಿಗಳ ಮನೆಗಳಲ್ಲಿ ಬಾಳಿತು. ಹಿರಿಯ ಕೆಂಪೇಗೌಡರ ತಂದೆ ಕೆಂಪನಂಜೇಗೌಡರು. 1895ರಿಂದ 1902ರವರೆಗೆ ಮೈಸೂರು ಸೀಮೆ ಆಳಿದ ರಾಜಮಾತೆ ಕೆಂಪನಂಜಮ್ಮಣ್ಣಿಯವರು. ಗುಡಿಸಲಿಗೂ ಅರಮನೆಗೂ ಒಂದೇ ಹೆಸರು ಸಾಕಾಗಿತ್ತು.

ನನಗೂ ಮನೆಯಲ್ಲಿ ತಾತನ ಹೆಸರನ್ನೇ ಇಟ್ಟಿದ್ದರು, ಕೆಂಪ ಎಂದು. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು 'ಹಳ್ಳಿ ಹೆಸರು' ಎಂದು ನಕ್ಕು, ಬೇರೊಂದು ಬರೆದುಕೊಂಡರು. ಅಪ್ಪ ತಲೆಯಾಡಿಸಿದರು. ನಮ್ಮಜ್ಜಿ ಮಾತ್ರ ಸಾಯುವವರೆಗೂ 'ಲೇ ಕೆಂಪಾ' ಎಂದೇ ಕೂಗಿದಳು. ಈಗ ಹಾಗೆ ಕೂಗುವವರು ಯಾರೂ ಇಲ್ಲ.

ಇಲ್ಲೇ ಹೆಬ್ಬಾಳದಲ್ಲಿ 2018ರಲ್ಲಿ ಗಂಗರ ಶ್ರೀಪುರುಷನ ಕಾಲದ, ಎಂಟನೆಯ ಶತಮಾನದ ವೀರಗಲ್ಲು ಸಿಕ್ಕಿತು. ಕಾದಿ ಮಡಿದ ವೀರನ ಹೆಸರು ಕಿಟ್ಟಯ್ಯ. ಸಾವಿರದಿನ್ನೂರು ವರ್ಷ ದಾಟಿದರೂ ಆ ಹೆಸರು ನಮಗೆ ಹೊರಗಿನದೆನಿಸುವುದಿಲ್ಲ. ಆದರೆ ಹೆಸರನ್ನು ಕಲ್ಲಿಗೆ, ನಾಮಫಲಕಕ್ಕೆ ಒಪ್ಪಿಸಿ ನಾವು ಕೈ ತೊಳೆದುಕೊಳ್ಳಬಾರದು. ಹೆಸರು ಬಾಳುವುದು ಹಿತ್ತಿಲಲ್ಲಿ ಯಾರಾದರೂ ಕೂಗಿದಾಗ, ಯಾರಾದರೂ ಓಗೊಟ್ಟಾಗ.

ಮಕ್ಕಳಿಗೆ ಯಾವ ಹೆಸರಿಡಬೇಕೆಂದು ಅಪ್ಪಣೆ ಮಾಡಲು ನಾನು ಯಾರೂ ಅಲ್ಲ. ಇಷ್ಟು ಮಾತ್ರ ಬೇಡುತ್ತೇನೆ: ಮುಂದಿನ ನಾಮಕರಣದ ದಿನ ತಾತ ಮುತ್ತಾತಂದಿರ ಹೆಸರನ್ನೂ ಒಮ್ಮೆ ನೆನೆಯಿರಿ. ತರಗತಿಯಲ್ಲಿ ಕೆಂಪ ಎಂಬ ಹುಡುಗನಿದ್ದರೆ, ಅವನು ತಲೆಯೆತ್ತಿ 'ಹಾಜರ್' ಎನ್ನುವಂತೆ ನೋಡಿಕೊಳ್ಳಿ.

ಸಿರಿಗನ್ನಡಂ ಗೆಲ್ಗೆ!