ಹೊಟ್ಟೆ ತುಂಬಿದ ಇಂಜಿನು, ಹಸಿದ ಇಂಜಿನು

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಮೂರು ವಾರದ ಹಿಂದೆ ಕಾರ್ಯದರ್ಶಿಗಳು ನಮ್ಮ ಬ್ಯಾಂಕಿನ ಕೌಂಟರಿನ ಮುಂದೆ ನಿಂತು, "ಈ ಸಲದ ಸಭೆಯಲ್ಲಿ ನೀವೇ ಮಾತನಾಡಬೇಕು" ಎಂದು ಅಪ್ಪಣೆ ಕೊಡಿಸಿದಾಗ ನಮ್ಮ ಎದೆ ಒಮ್ಮೆ ಧಸಕ್ಕೆಂದಿತು. ನಾವು ಓದಿದ್ದು ಬಿ.ಕಾಂ., ಮಾಡುವುದು ಗುಮಾಸ್ತಿಕೆ. ಕುಮಾರವ್ಯಾಸನನ್ನು ಕುರಿತು ಮಾತನಾಡುವಷ್ಟು ಓದಿಲ್ಲ. ಸಾಲದ ಬಡ್ಡಿಯನ್ನು ಕುರಿತು ಮಾತನಾಡಿದರೆ ನೀವು ಕೇಳುವುದಿಲ್ಲ. ನಮ್ಮ ಸಂಕಟ ನೋಡಿ ಅವರೇ, "ಭಾನುವಾರ ಬೆಳಗಾಗುವುದರೊಳಗೆ ಪೆಟ್ಟಿಗೆ ಹೊತ್ತುಕೊಂಡು ಎಲ್ಲಿಗೋ ಹೋಗುತ್ತೀರಂತಲ್ಲ, ಅದನ್ನೇ ಹೇಳಿ" ಎಂದರು. ಅದನ್ನೇ ಹೇಳುತ್ತೇವೆ. ಮಾತಿನುದ್ದಕ್ಕೂ 'ನಾವು' ಎನ್ನುತ್ತಿರುವುದು ಗತ್ತಿಗಲ್ಲ. ಈ ಹವ್ಯಾಸದಲ್ಲಿ ನಮ್ಮ 12 ವರ್ಷದ ಮಗಳದು ಅರ್ಧ ಪಾಲು. ಆ ಪಾಲು ಅವಳಿಗೆ ಹೇಗೆ ಬಂತೆಂಬುದನ್ನು ಮುಂದೆ ಅರಿಕೆ ಮಾಡುತ್ತೇವೆ.

ಇದೋ, ಮೇಜಿನ ಮೇಲಿಟ್ಟಿರುವುದು ಮಾದರಿ ವಿಮಾನದ ಇಂಜಿನು. ಸಭೆ ಮುಗಿದ ಮೇಲೆ ಮಕ್ಕಳು ಮುಟ್ಟಿ ನೋಡಬಹುದು. ಇಂಧನವನ್ನು ತೆಗೆದೇ ತಂದಿದ್ದೇವೆ. ಅಂಗೈಯಲ್ಲಿ ಕೂರುವ ವಸ್ತು. ಇದರ ಗಾತ್ರ 6.5 ಸಿ.ಸಿ. ನೀವು ಓಡಿಸುವ 110 ಸಿ.ಸಿ. ಸ್ಕೂಟರಿನ ಇಂಜಿನಿನಲ್ಲಿ ಹದಿನೇಳನೆಯ ಒಂದು ಪಾಲು. ಆದರೆ 10 ಅಂಗುಲದ ಪ್ರೊಪೆಲರನ್ನು ಮೂಗಿಗೆ ಕಟ್ಟಿಕೊಂಡು ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ತಿರುಗುತ್ತದೆ. ಸ್ಕೂಟರಿನಲ್ಲಿರುವ ಕಿಡಿಯ ಪ್ಲಗ್ಗು ಇದರಲ್ಲಿಲ್ಲ. ಅದರ ಬದಲು ಗ್ಲೋ ಪ್ಲಗ್ಗು ಎಂಬುದೊಂದಿದೆ. ಅದರೊಳಗೆ ಪ್ಲಾಟಿನಂ ಬೆರೆತ ಲೋಹದ, ಕೂದಲೆಳೆಯಂಥ ತಂತಿಯ ಸುರುಳಿ. ಮೊದಲು ಒಂದೂವರೆ ವೋಲ್ಟಿನ ಬ್ಯಾಟರಿ ಮುಟ್ಟಿಸಿದರೆ ಸುರುಳಿ ಕೆಂಪಗೆ ಕಾಯುತ್ತದೆ. ಇಂಜಿನು ಹೊತ್ತಿಕೊಂಡ ಮೇಲೆ ಬ್ಯಾಟರಿಯನ್ನು ಕಿತ್ತುಬಿಡುತ್ತೇವೆ. ಆಶ್ಚರ್ಯ ಇರುವುದು ಇಲ್ಲಿಯೇ. ಬ್ಯಾಟರಿ ಇಲ್ಲದಿದ್ದರೂ ಸುರುಳಿ ಆರುವುದಿಲ್ಲ. ಮೆಥನಾಲಿನ ಆವಿಗೂ ಪ್ಲಾಟಿನಂಗೂ ಏನೋ ಒಂದು ನಂಟು. ಆವಿ ಸೋಕಿದಷ್ಟು ಕಾಲವೂ ಲೋಹ ಕೆಂಪಾಗಿಯೇ ಇರುತ್ತದೆ, ಹಿಂದಿನ ಸುತ್ತಿನ ಕಾವು ಮುಂದಿನ ಸುತ್ತನ್ನು ಹೊತ್ತಿಸುತ್ತದೆ. ಅಮೆರಿಕದಲ್ಲಿ ರೇ ಆರ್ಡನ್ ಎಂಬವರು 1947ರಲ್ಲಿ ಈ ಪ್ಲಗ್ಗನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಮೊದಲು ಪುಟ್ಟ ವಿಮಾನವೂ ಕಿಡಿ ಹಾರಿಸಲು ಬ್ಯಾಟರಿ, ಕಾಯಿಲ್, ಕಂಡೆನ್ಸರ್ ಎಲ್ಲವನ್ನೂ ಹೊಟ್ಟೆಯಲ್ಲಿ ಹೊತ್ತೇ ಹಾರಬೇಕಾಗಿತ್ತು.

ಇನ್ನು ಇಂಧನ. ಮುಖ್ಯ ಭಾಗ ಮೆಥನಾಲು. ಬೇಕಾದವರು ನೈಟ್ರೊಮೀಥೇನ್ ಎಂಬ ದುಬಾರಿ ದ್ರವವನ್ನು ಒಂದಿಷ್ಟು ಸೇರಿಸುತ್ತಾರೆ, ಬೇಡದವರು ಬಿಡುತ್ತಾರೆ. ಬಿಡುವ ಹಾಗಿಲ್ಲದ್ದು ಎಣ್ಣೆ. ಐದರಲ್ಲಿ ಒಂದು ಪಾಲಿನಷ್ಟು ಎಣ್ಣೆ ಇರಲೇಬೇಕು. ಯಾವ ಎಣ್ಣೆ ಎನ್ನುತ್ತೀರಿ? ನಮ್ಮ ನಿಮ್ಮೆಲ್ಲರ ಅಜ್ಜಿಯರು ಮೂಗು ಹಿಡಿದು ಬಾಯಿಗೆ ಹೊಯ್ದ, ಶನಿವಾರ ನೆತ್ತಿಗೆ ತಟ್ಟಿದ ಹರಳೆಣ್ಣೆ! ಪೆಟ್ರೋಲಿನ ಬಳಗದ ಎಣ್ಣೆಗಳು ಮೆಥನಾಲಿನಲ್ಲಿ ಬೆರೆಯುವುದಿಲ್ಲ. ಹರಳೆಣ್ಣೆ ಬೆರೆಯುತ್ತದೆ, ಎಷ್ಟು ಕಾದರೂ ಲೋಹವನ್ನು ಅಂಟಿಕೊಂಡೇ ಇರುತ್ತದೆ. ಮೊದಲನೆಯ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನುಗಳೂ ಇದನ್ನೇ ಕುಡಿದು ಹಾರಿದವು. ಈ ಪುಟ್ಟ ಇಂಜಿನಿನಲ್ಲಿ ಎಣ್ಣೆಗೆಂದು ಬೇರೆ ತೊಟ್ಟಿ ಇಲ್ಲ. ಇಂಧನದ ಜೊತೆಗೇ ಒಳಗೆ ಬಂದು, ಹೊಗೆಯ ಜೊತೆಗೇ ಹೊರಗೆ ಹೋಗಿ, ವಿಮಾನದ ಮೇಲೂ ನಮ್ಮ ಅಂಗಿಯ ಮೇಲೂ ಕೂರುತ್ತದೆ. ಈ ವಿಷಯದಲ್ಲಿ ನಮ್ಮ ಮನೆಯವರ ಅಭಿಪ್ರಾಯವನ್ನು ಇಲ್ಲಿ ಹೇಳದಿರುವುದೇ ಕ್ಷೇಮ.

ಮೆಥನಾಲು ಮಾತ್ರ ತಮಾಷೆಯಲ್ಲ. ಅದು ವಿಷ. ನೋಡಲು ನೀರಿನ ಹಾಗೆಯೇ ಇರುತ್ತದೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. 2015ರ ಜೂನಿನಲ್ಲಿ ಮುಂಬಯಿಯ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ಹೊತ್ತಿಕೊಂಡರೆ ಹಗಲಿನಲ್ಲಿ ಇದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ನಮ್ಮ ಡಬ್ಬ ಬೀಗದೊಳಗಿರುತ್ತದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ವಿಷ' ಎಂದು ಬರೆದವಳು ನಮ್ಮ ಮಗಳು. ಯಾರೂ ಹೇಳಿಸದೆ ಅವಳು ಬರೆದ ಮೊದಲನೆಯ ಕನ್ನಡ ಪದ ಅದು. ಮರಾಠಿಯಲ್ಲೂ ಅದೇ ಪದವಾದ್ದರಿಂದ ಹೆಚ್ಚು ಹೆಮ್ಮೆಪಡುವಂತಿಲ್ಲ. ಲಿಪಿಯಾದರೂ ನಮ್ಮದಲ್ಲವೆ ಎಂದು ಸಮಾಧಾನಪಟ್ಟುಕೊಂಡೆವು.

ನಮಗೆ ಈ ಗೀಳು ಹಿಡಿಸಿದವರು ನೆರೆಮನೆಯ ಕಾಕಾ. ಖಡಕಿಯ ಕಡೆ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದವರು. ನಾವು ಮೊದಲ ದಿನ ಅವಸರದಲ್ಲಿ ಬೆರಳಿನಿಂದಲೇ ಪ್ರೊಪೆಲರನ್ನು ತಳ್ಳಿ ಇಂಜಿನು ಹೊತ್ತಿಸಲು ಹೋದೆವು. ಅದು ಹಿಮ್ಮೊಗವಾಗಿ ಒದೆಯಿತು. ಬಲಗೈ ತೋರುಬೆರಳಿಗೆ ನಾಲ್ಕು ಹೊಲಿಗೆ. ಕ್ಯಾಷಿನಲ್ಲಿ ಕೂರುವ ಗುಮಾಸ್ತನಿಗೆ ತೋರುಬೆರಳು ಹೋದರೆ ಏನು ಉಳಿಯಿತು? ಮೂರು ವಾರ ನಮ್ಮನ್ನು ಟಪಾಲಿನ ಮೇಜಿಗೆ ಕೂರಿಸಿದರು. ಅಂದಿನಿಂದ ರಬ್ಬರು ಸುತ್ತಿದ ಕೋಲಿಲ್ಲದೆ ಪ್ರೊಪೆಲರಿನ ಹತ್ತಿರ ಕೈ ಒಯ್ಯುವುದಿಲ್ಲ. ತಿರುಗುವ ಪ್ರೊಪೆಲರಿನ ಮುಂದಾಗಲಿ ಪಕ್ಕದಲ್ಲಾಗಲಿ ಯಾರನ್ನೂ ನಿಲ್ಲಗೊಡುವುದಿಲ್ಲ. ಎಲ್ಲರೂ ಹಿಂದೆ.

ಹೊತ್ತಿಸುವುದು ಚಿಕ್ಕ ವಿದ್ಯೆ. ದೊಡ್ಡದು ಹದ ಮಾಡುವುದು. ಕಾರ್ಬೊರೇಟರಿನ ಬಳಿ ಒಂದು ಸೂಜಿ ಇದೆ, ಇದೋ ಇದು. ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಹೊರಕ್ಕೆ ತಿರುಗಿಸಿದರೆ ಹೆಚ್ಚು. ಒಂದೊಂದು ಹಲ್ಲಿಗೂ 'ಕಟಕ್' ಎನ್ನುತ್ತದೆ. ಇಂಗ್ಲಿಷಿನಲ್ಲಿ ಇಂಧನ ಹೆಚ್ಚಾದ ಮಿಶ್ರಣಕ್ಕೆ ರಿಚ್ ಎಂದೂ ಕಡಿಮೆಯಾದುದಕ್ಕೆ ಲೀನ್ ಎಂದೂ ಹೆಸರು. ಕಾಕಾ ನಮಗೆ ಹೇಳಿಕೊಟ್ಟದ್ದು ಒಂದೇ ಮಾತು: "ಆಧಿ ಐಕ್, ಮಗ್ ಫಿರವ್." ಮೊದಲು ಕೇಳು, ಆಮೇಲೆ ತಿರುಗಿಸು.

ಕೇಳುವುದೇನನ್ನು? ಇಂಧನ ಹೆಚ್ಚಾಗಿದ್ದರೆ ಇಂಜಿನು ಪ್ರತಿ ಸುತ್ತಿನಲ್ಲೂ ಉರಿಯಲಾರದೆ ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುತ್ತದೆ. ಬುಡುಬುಡು ಎಂದು ಹೊಗೆ ಕಕ್ಕುತ್ತದೆ. ಸೂಜಿಯನ್ನು ಮೆಲ್ಲಗೆ ಒಳಕ್ಕೆ ತಂದರೆ ಒಂದು ಘಳಿಗೆಯಲ್ಲಿ ಪ್ರತಿ ಸುತ್ತೂ ಉರಿಯಲು ಹತ್ತಿ, ದನಿ ಒಮ್ಮೆಗೇ ಮೇಲಕ್ಕೆ ನೆಗೆಯುತ್ತದೆ. ಉರಿಯುವ ಎಣಿಕೆ ಇಮ್ಮಡಿಯಾಯಿತಲ್ಲ, ಮಂದ್ರ ಷಡ್ಜದಿಂದ ಮಧ್ಯ ಷಡ್ಜಕ್ಕೆ ಹಾರಿದ ಹಾಗೆ. ಗದಗಿನ ಭೀಮಸೇನ ಜೋಶಿಯವರು ಬಂದು ನೆಲೆಸಿದ್ದ ಊರಿನಲ್ಲಿ ಸ್ಥಾಯಿಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ಒಳಕ್ಕೆ ತಂದರೆ ವೇಗ ಏರುತ್ತ ಏರುತ್ತ ಒಂದು ತುದಿ ಮುಟ್ಟುತ್ತದೆ. ಅದನ್ನೂ ದಾಟಿದಿರೋ, ದನಿ ಸಣಕಲಾಗಿ, ಕಾವೇರಿ, ಇಂಜಿನು ಕುಸಿಯುತ್ತದೆ. ಇಂಧನ ಕಡಿಮೆಯಾದಾಗ ಅದರ ಜೊತೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು. ತಂತಿಯ ಸುರುಳಿ ಕಡಿಯುವುದೂ ಪಿಸ್ಟನ್ನು ಕೆಡುವುದೂ ಆಗಲೇ.

ನಮ್ಮ ಮಗಳು ಮೊದಲು ಮೈದಾನಕ್ಕೆ ಬರುತ್ತಿದ್ದುದು ದಾರಿಯ ವಡಾಪಾವಿಗಾಗಿ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುವಳು. ನಿಮ್ಮಲ್ಲಿ ಅನೇಕರಿಗೆ ಇದು ಹೊಸದಲ್ಲ. ಒಂದು ದಿನ ಅವಳೇ, "ರಿಚ್ ಅಂದರೆ ಶ್ರೀಮಂತ ಅಲ್ಲವಾ ಅಪ್ಪಾ? ಇಂಜಿನ್ ಹೇಗೆ ಶ್ರೀಮಂತ ಆಗುತ್ತೆ?" ಎಂದಳು. ನಾವು ಪಾಂಡಿತ್ಯ ತೋರಲು 'ಸಮೃದ್ಧ ಮಿಶ್ರಣ', 'ಕೃಶ ಮಿಶ್ರಣ' ಎಂದೆವು. ಅವಳು ನಕ್ಕಳು. ಬುಡುಬುಡು ದನಿ ಕೇಳಿ, "ಇದಕ್ಕೆ ಹೊಟ್ಟೆ ತುಂಬಿದೆ" ಎಂದಳು. ಕೀಂ ಎಂದಾಗ, "ಈಗ ಹಸಿದಿದೆ" ಎಂದಳು. ಅಂದಿನಿಂದ ನಮ್ಮ ಮನೆಯ ಪರಿಭಾಷೆ ಅದೇ. ಎಷ್ಟು ಸಲ ಸೂಜಿ ತಿರುಗಿಸಿದರೂ ಅವಳಿಗೆ ಮರಾಠಿಯ ನೆನಪಾಗುತ್ತಿರಲಿಲ್ಲ. ಏಕೆಂದರೆ ಆ ಮಾತುಗಳು ಮರಾಠಿಯಲ್ಲಿ ಅವಳಿಗೆ ಇರಲೇ ಇಲ್ಲ.

ಈಗ ನಮ್ಮ ತಪ್ಪನ್ನು ಒಪ್ಪಿಕೊಳ್ಳುವ ಸಮಯ. ಸಹೋದ್ಯೋಗಿಯೊಬ್ಬರು ತಮ್ಮ ಮಕ್ಕಳನ್ನು ಕರೆದುಕೊಂಡು ನೋಡಲು ಬಂದಿದ್ದರು. ದಿವೆ ಘಾಟು ಹತ್ತಿ ಸಾಸವಡದ ಕಡೆ ಹೋದರೆ ಸಿಗುವ ಬಯಲು. ಊರೊಳಗೆ ಹಾರಿಸುವಂತಿಲ್ಲ; ಲೋಹಗಾಂವದಲ್ಲಿ ವಾಯುಪಡೆಯ ನಿಲ್ದಾಣವಿದೆ, 2021ರ ಡ್ರೋನ್ ನಿಯಮಗಳೂ ಇವೆ. ನಾಲ್ಕು ಜನರ ಮುಂದೆ ಇಂಜಿನು ಸೀಳಿಕೊಂಡು ಕೂಗಬೇಕೆಂಬ ಚಪಲ ನಮಗೆ. ಸೂಜಿಯನ್ನು ತುದಿಯವರೆಗೂ ತಂದು ನಿಲ್ಲಿಸಿದೆವು. ಹಿಂದಿನಿಂದ ಮಗಳು, "ಅಪ್ಪಾ, ಹಸಿದಿದೆ" ಎಂದಳು. ನಾವು ಕೇಳಲಿಲ್ಲ. ಮತ್ತೊಮ್ಮೆ ಎಂದಳು. "ಸುಮ್ಮನಿರು, ದೊಡ್ಡವರ ಕೆಲಸದಲ್ಲಿ ಬಾಯಿ ಹಾಕಬೇಡ" ಎಂದೆವು. ಅವರೆಲ್ಲರ ಎದುರಿಗೆ.

ನೆಲದ ಮೇಲೆ ತುದಿಯ ಹದದಲ್ಲಿದ್ದ ಇಂಜಿನು ಆಕಾಶದಲ್ಲಿ ಹಾಗೇ ಇರುವುದಿಲ್ಲ. ವಿಮಾನ ಮುಂದೆ ಸಾಗಿದಂತೆ ಪ್ರೊಪೆಲರಿನ ಭಾರ ಇಳಿದು ಸುತ್ತು ಹೆಚ್ಚುತ್ತದೆ. ಮೂಗೆತ್ತಿ ಏರುವಾಗ ಇಂಧನ ಟ್ಯಾಂಕಿನಿಂದ ಮೇಲಕ್ಕೆ ಹತ್ತಬೇಕು. ಟ್ಯಾಂಕು ಬರಿದಾದಂತೆ ಮಟ್ಟವೂ ಇಳಿಯುತ್ತದೆ. ಮೂರೂ ಹಸಿವನ್ನೇ ಹೆಚ್ಚಿಸುತ್ತವೆ. ಅದಕ್ಕಾಗಿಯೇ ತುದಿ ಮುಟ್ಟಿದ ಮೇಲೆ ಎರಡು ಮೂರು ಹಲ್ಲು ಹಿಂದಕ್ಕೆ ಬರಬೇಕು. ನಿಮಿಷಕ್ಕೆ 200–300 ಸುತ್ತು ಕಳೆದುಕೊಂಡರೂ ಚಿಂತೆಯಿಲ್ಲ. ಪರೀಕ್ಷೆಗೆ ಎರಡು ಉಪಾಯ. ಇಂಧನದ ಕೊಳವೆಯನ್ನು ಚಣಕಾಲ ಚಿವುಟಿ ಬಿಟ್ಟರೆ ವೇಗ ತುಸು ಏರಬೇಕು. ಏರದೆ ಕುಸಿದರೆ ಆಗಲೇ ಹಸಿದಿದೆ ಎಂದರ್ಥ. ಇಲ್ಲವೇ ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗನ್ನು ಆಕಾಶಕ್ಕೆತ್ತಿ ಕೇಳಬೇಕು, ದನಿ ಸೊರಗಬಾರದು. ನಮಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅಂದು ಎರಡನ್ನೂ ಮಾಡಲಿಲ್ಲ.

ವಿಮಾನ ಐವತ್ತು ಅಡಿ ಏರುವಷ್ಟರಲ್ಲಿ ದನಿ ಎಳೆಯಾಯಿತು, ನಿಂತಿತು. ಅಂಥ ಹೊತ್ತಿನಲ್ಲಿ ಮೂಗು ತಗ್ಗಿಸಿ ನೇರವಾಗಿ ಎದುರಿಗೆ ಇಳಿಸಬೇಕು. ನಾವು ಮರ್ಯಾದೆ ಉಳಿಸಿಕೊಳ್ಳಲು ಅದನ್ನು ಹಿಂದಕ್ಕೆ ತಿರುಗಿಸಹೋದೆವು. ವೇಗವಿಲ್ಲದ ರೆಕ್ಕೆ ಒಂದು ಕಡೆ ಜೋತು, ಜೋಳದ ಕೂಳೆಯ ಮೇಲೆ ಬಿತ್ತು. ನಾಲ್ಕು ತಿಂಗಳು ರಾತ್ರಿಯೆಲ್ಲ ಕೂತು ಬಾಲ್ಸಾ ಕಟ್ಟಿಗೆಯಲ್ಲಿ ಕಟ್ಟಿದ್ದು. ಮಗಳು ಒಂದೊಂದೇ ಚೂರನ್ನು ಆರಿಸಿ ಪೆಟ್ಟಿಗೆಗೆ ಹಾಕಿದಳು. ಕಾಕಾರ ಹಳೆಯ ಓಮ್ನಿಯಲ್ಲಿ ಮನೆ ಮುಟ್ಟುವವರೆಗೂ ಒಂದು ಮಾತಾಡಲಿಲ್ಲ. ಮುಂದಿನ ಎರಡು ಭಾನುವಾರ ಮೈದಾನಕ್ಕೆ ಬರಲೂ ಇಲ್ಲ. ಊಟಕ್ಕೆ ಕರೆದರೆ ಮರಾಠಿಯಲ್ಲಿ "ಯೇತೇ" ಎನ್ನುವಳು, ಅಷ್ಟೇ. ವಿಮಾನ ಮುರಿದದ್ದಕ್ಕಿಂತ ಆ 'ಯೇತೇ' ನಮ್ಮನ್ನು ಹೆಚ್ಚು ನೋಯಿಸಿತು.

ಮೂರನೆಯ ಶನಿವಾರ ರಾತ್ರಿ ಇಂಜಿನನ್ನು ಬಿಚ್ಚಿ ಅವಳ ಮುಂದಿಟ್ಟು ಕಡಿದುಹೋದ ಸುರುಳಿ ತೋರಿಸಿದೆವು. "ನಿನ್ನ ಕಿವಿ ಸರಿಯಾಗಿತ್ತು, ನಮ್ಮದು ತಪ್ಪು" ಎಂದೆವು. ಬ್ಯಾಂಕಿನಲ್ಲಿ ಮ್ಯಾನೇಜರರ ಮುಂದೆ ತಪ್ಪೊಪ್ಪಿಕೊಳ್ಳುವುದು ಇದಕ್ಕಿಂತ ಸುಲಭ. ಅವಳು ಸುರುಳಿಯನ್ನು ದೀಪಕ್ಕೆ ಹಿಡಿದು ನೋಡಿ, "ಹಾಗಾದರೆ ಇನ್ನು ಮೇಲೆ ಸೂಜಿ ನಾನು ತಿರುಗಿಸಲಾ?" ಎಂದಳು. ಕಾಕಾ ಸೂಜಿಯನ್ನು ಇಂಜಿನಿನ ಹಿಂಬದಿಗೆ, ಪ್ರೊಪೆಲರಿನಿಂದ ದೂರಕ್ಕೆ ಒಯ್ದು ಕೊಟ್ಟರು. ಈಗ ವಿಮಾನ ಹಿಡಿಯುವವರು ನಾವು, ಬೆನ್ನ ಹಿಂದೆ ನಿಂತು ಹದ ಮಾಡುವವಳು ಅವಳು.

ಈಚೆಗೆ ಮೈದಾನಕ್ಕೆ ಬರುವ ಹುಡುಗರೆಲ್ಲ ವಿದ್ಯುತ್ ಮೋಟಾರು, ಲಿಥಿಯಂ ಬ್ಯಾಟರಿಯವರೇ. ಗುಂಡಿ ಒತ್ತಿದರೆ ಹಾರಿತು. ಹೊಗೆಯಿಲ್ಲ, ಜಿಡ್ಡಿಲ್ಲ, ನೆರೆಯವರ ದೂರಿಲ್ಲ. ಅವರೊಡನೆ ನಮಗೆ ಜಗಳವಿಲ್ಲ. ಹೊಸದಾಗಿ ಕಲಿಯುವವರಿಗೆ ಅದನ್ನೇ ಹೇಳುತ್ತೇವೆ. ನಮ್ಮ ಮಗಳು ಮಾತ್ರ ಅದರ ಪಕ್ಕ ಸ್ವಲ್ಪ ಹೊತ್ತು ನಿಂತು, "ಇದರಲ್ಲಿ ಕೇಳೋದಕ್ಕೆ ಏನೂ ಇಲ್ಲ" ಎಂದು ಹಿಂತಿರುಗಿದಳು.

ಕಳೆದ ಬೇಸಿಗೆ ರಜೆಯಲ್ಲಿ ಇಂಜಿನನ್ನು ಒಂದು ಹಲಗೆಗೆ ಬಿಗಿದು ಚಿಕ್ಕಮಗಳೂರಿಗೆ ಒಯ್ದೆವು. ಉರಿಯುವ ಪದಾರ್ಥವನ್ನು ರೈಲಿನಲ್ಲಿ ತರುವಂತಿಲ್ಲವಾದ್ದರಿಂದ ಕಾರಿನಲ್ಲೇ ಪಯಣ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ನಮ್ಮೂರು 1,000 ಮೀಟರಿಗೂ ಮೇಲೆ. ಅಲ್ಲಿ ಗಾಳಿ ತೆಳು. ಪುಣೆಯ ಹದದಲ್ಲೇ ಹೊತ್ತಿಸಿದರೆ ಇಂಜಿನು ಬುಡುಬುಡು ಎಂದಿತು. ಮಗಳು ಹಿತ್ತಲಿನಲ್ಲಿ ಕಿವಿಗೊಟ್ಟು, "ಊರಿಗೆ ಬಂದು ಇದಕ್ಕೆ ಊಟ ಜಾಸ್ತಿ ಆಗಿದೆ" ಎಂದು ಸೂಜಿಯನ್ನು ಕಟಕ್ ಕಟಕ್ ಎಂದು ಒಳಕ್ಕೆ ತಂದಳು. ಹೊಗೆ ಅಡಿಗೆಮನೆಯ ಕಿಟಕಿಯವರೆಗೂ ಹೋಯಿತು. ನಮ್ಮ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಮೂಗರಳಿಸಿ, "ಇವತ್ತು ಯಾರಿಗೇ ಹರಳೆಣ್ಣೆ ಕಾಯಿಸಿದ್ದು?" ಎಂದರು.

"ಇಂಜಿನ್ನಿಗೆ, ಅಜ್ಜಿ."

"ಸರಿ ಮತ್ತೆ, ಸೀಗೆಪುಡಿ ಕೊಡಲೇನು?"

 ಇಂಜಿನು ನೋಡಬೇಕೆನ್ನುವ ಮಕ್ಕಳು ಮೇಜಿನ ಬಳಿ ಬರಲಿ. ವಿವರ ಬೇಕಾದರೆ ಎರಡನೆಯ ಸಾಲಿನಲ್ಲಿ ಕೂತಿರುವ ನಮ್ಮ ಮಗಳನ್ನು ಕೇಳಲಿ.